ಉದ್ಘಾಟನೆಯಾದ ಮೇಲೆ ವೆಬ್‌ಸೈಟ್ ಯಾರದು?

ಪಿಯುಸಿ ಫಲಿತಾಂಶ ಬಂದ ವಾರ. ಜಿಲ್ಲಾ ಕೇಂದ್ರದ ಡಿಗ್ರಿ ಕಾಲೇಜೊಂದಕ್ಕೆ ಮಗಳನ್ನು ಸೇರಿಸುವ ಯೋಚನೆಯಲ್ಲಿರುವ ಅಪ್ಪ ಮೊಬೈಲ್‌ನಲ್ಲಿ ಕಾಲೇಜಿನ ಹೆಸರು ಹಾಕಿ ಹುಡುಕುತ್ತಾರೆ. ಗೂಗಲ್‌ನಲ್ಲಿ ಮೊದಲಿಗೇ ಬರುವುದು ಕಾಲೇಜಿನದೇ ವಿಳಾಸ. ಅದರ ಕೆಳಗಿನ ಎರಡು ಸಾಲು ಮಾತ್ರ ಯಾವುದೋ ಗೊತ್ತಿಲ್ಲದ ಭಾಷೆಯ ಜೂಜಿನ ಜಾಹೀರಾತು. ಒತ್ತಿದರೆ ಪ್ರವೇಶದ ಅರ್ಜಿಯ ಜಾಗದಲ್ಲಿ ಗಿರಗಿರನೆ ತಿರುಗುವ ಸ್ಲಾಟ್ ಯಂತ್ರ. ಗಾಬರಿಯಾಗಿ ಕಾಲೇಜಿಗೆ ಫೋನ್ ಮಾಡುತ್ತಾರೆ. ಕಚೇರಿಯವರು ತಮ್ಮ ಕಂಪ್ಯೂಟರಿನಲ್ಲಿ ವಿಳಾಸ ಟೈಪ್ ಮಾಡಿ ನೋಡುತ್ತಾರೆ. ಪ್ರಾಂಶುಪಾಲರ ಸಂದೇಶ, ಎನ್ನೆಸ್ಸೆಸ್ ಶಿಬಿರದ ಫೋಟೊ, ನ್ಯಾಕ್ ಪ್ರಮಾಣಪತ್ರ, ಎಲ್ಲವೂ ಇದ್ದ ಹಾಗೇ ಇದೆ. “ನಮ್ಮಲ್ಲಿ ಸರಿಯಾಗೇ ಬರ್ತಿದೆಯಲ್ಲ ಸರ್. ನಿಮ್ಮ ಮೊಬೈಲ್‌ನಲ್ಲೇ ಏನೋ ವೈರಸ್ ಇರ್ಬೇಕು.”

ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಒಳಗೆ ನುಗ್ಗಿದವರು ಬರೆದಿಟ್ಟ ನಾಲ್ಕಾರು ಸಾಲಿನ ಕೋಡ್, ಬಂದವರು ಎಲ್ಲಿಂದ ಬಂದರು ಎಂದು ಮೊದಲು ನೋಡುತ್ತದೆ. ಗೂಗಲ್ ಮೂಲಕ ಬಂದವರಿಗೆ ಜೂಜಿನ ಪುಟ. ಗೂಗಲ್‌ನ ಹುಡುಕುಯಂತ್ರವೇ ಬಂದರೆ ಅದಕ್ಕೆ ಓದಿಸಲು ಸಾವಿರಾರು ನಕಲಿ ಪುಟ. ವಿಳಾಸ ಟೈಪ್ ಮಾಡಿ ನೇರವಾಗಿ ಬಂದವರಿಗೆ, ಲಾಗಿನ್ ಆಗಿ ಕೂತವರಿಗೆ ಅಸಲಿ ಪುಟ. ತಾಣದ ಮಾಲೀಕರಿಗೆ ಕಾಣಬಾರದೆಂದೇ ಹೂಡಿದ ಆಟ ಇದು. ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟಕ್ಕೂ ನಮ್ಮೂರ ಕಾಲೇಜಿನ ವೆಬ್‌ಸೈಟಿನಲ್ಲಿ ಕದಿಯಲು ಏನಿದೆ? ಹೀಗೆ ಕೇಳುವವರು ಬಹಳ. ಕದಿಯುವುದು ಹೆಸರನ್ನು. ಶಿಕ್ಷಣ ಸಂಸ್ಥೆ, ಸರ್ಕಾರಿ ಇಲಾಖೆ, ಹಳೆಯ ಟ್ರಸ್ಟುಗಳ ವಿಳಾಸಗಳಿಗೆ ವರ್ಷಗಟ್ಟಲೆಯಿಂದ ಬೇರೆ ತಾಣಗಳು ಕೊಂಡಿ ಕೊಟ್ಟಿರುತ್ತವೆ. ಗೂಗಲ್ ಅವನ್ನು ನಂಬುತ್ತದೆ. ನಿನ್ನೆ ಹುಟ್ಟಿದ ಜೂಜಿನ ತಾಣಕ್ಕೆ ಆ ನಂಬಿಕೆ ಸಿಗದು. ಆದ್ದರಿಂದ ಅದು ಇವರ ಹೆಸರಿನ ಬೆನ್ನೇರುತ್ತದೆ.

ಬೀಗ ಒಂದೇ, ಬಾಗಿಲು ಲಕ್ಷಾಂತರ

ಇಪ್ಪತ್ತೈದು ವರ್ಷದ ಹಿಂದೆ ವೆಬ್‌ಸೈಟ್ ಎಂದರೆ ಒಂದೊಂದು ಪುಟಕ್ಕೂ ಒಂದೊಂದು ಫೈಲು. ಒಂದು ಫೋನ್ ನಂಬರ್ ಬದಲಾಯಿಸಬೇಕೆಂದರೂ ಎಚ್‌ಟಿಎಂಎಲ್ ಬಲ್ಲವರನ್ನೇ ಕರೆಯಬೇಕಿತ್ತು. ಆ ಕಷ್ಟ ತಪ್ಪಿಸಿದ್ದು ಸಿಎಂಎಸ್, ಅಂದರೆ ತಾಣದ ಬರಹ, ಚಿತ್ರಗಳನ್ನು ನಿರ್ವಹಿಸುವ ತಂತ್ರಾಂಶ. ಬರಹವೆಲ್ಲ ಡೇಟಾಬೇಸಿನಲ್ಲಿರುತ್ತದೆ. ಅದು ತೆರೆಯ ಮೇಲೆ ಹೇಗೆ ಕಾಣಬೇಕು ಎನ್ನುವುದನ್ನು ಥೀಮ್ ಹೇಳುತ್ತದೆ. ಓದುಗ ಪುಟ ಕೇಳಿದ ಕ್ಷಣದಲ್ಲಿ ಸರ್ವರಿನಲ್ಲಿರುವ ಪ್ರೋಗ್ರಾಮ್ ಎರಡನ್ನೂ ಸೇರಿಸಿ ಪುಟ ಕಟ್ಟಿಕೊಡುತ್ತದೆ. ಬರೆಯುವವರಿಗೆ ಬೇಕಾದದ್ದು ಒಂದು ಲಾಗಿನ್ ಮತ್ತು ಪಾಸ್‌ವರ್ಡ್, ಅಷ್ಟೆ.

ಬೆಲ್ಜಿಯಂನ ವಿದ್ಯಾರ್ಥಿ ಡ್ರೀಸ್ ಬಯ್ಟಾರ್ಟ್ ಡ್ರೂಪಲ್ ಎಂಬ ಇಂಥ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು 2001ರಲ್ಲಿ. ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ತಂದದ್ದು 2003ರ ಮೇ 27ರಂದು. ಜೂಮ್ಲಾ 2005ರಲ್ಲಿ ಬಂತು. ಮೂರೂ ಉಚಿತ, ಮೂರರ ಕೋಡೂ ಯಾರು ಬೇಕಾದರೂ ಓದಬಹುದಾದದ್ದು. ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಒಂದರ ಮೇಲೇ ನಡೆಯುತ್ತಿವೆ. ಕನ್ನಡದ ಎಷ್ಟೋ ಸಾಹಿತ್ಯ ತಾಣಗಳು, ಮಠಗಳು, ಸಹಕಾರಿ ಬ್ಯಾಂಕುಗಳು, ಅಮೆರಿಕ, ಇಂಗ್ಲೆಂಡಿನ ಕನ್ನಡ ಸಂಘಗಳು ತಮ್ಮದೇ ವೆಬ್‌ಸೈಟ್ ಹೊಂದಲು ಸಾಧ್ಯವಾದದ್ದು ಈ ಉಚಿತ ತಂತ್ರಾಂಶಗಳಿಂದಲೇ.

ತೊಡಕೂ ಅಲ್ಲೇ ಇದೆ. ಇಷ್ಟು ತಾಣಗಳಿಗೆ ಒಂದೇ ತಂತ್ರಾಂಶವೆಂದರೆ ಒಂದು ಬೀಗಕ್ಕೆ ಕೀಲಿ ಸಿಕ್ಕವನಿಗೆ ಲಕ್ಷಾಂತರ ಬಾಗಿಲು ತೆರೆಯುತ್ತದೆ. ಅವನು ಯಾರನ್ನೂ ಗುರುತು ಮಾಡಿಕೊಂಡು ಬರುವುದಿಲ್ಲ. ಅವನ ಪರವಾಗಿ ಪ್ರೋಗ್ರಾಮುಗಳು ಹಗಲೂ ರಾತ್ರಿ ವಿಳಾಸದಿಂದ ವಿಳಾಸಕ್ಕೆ ತಿರುಗುತ್ತಾ ಬಾಗಿಲು ತಟ್ಟುತ್ತಿರುತ್ತವೆ. ವರ್ಡ್‌ಪ್ರೆಸ್ ಇಲ್ಲವೇ ಇಲ್ಲದ ತಾಣದ ಸರ್ವರ್ ದಾಖಲೆ ತೆರೆದರೂ ವರ್ಡ್‌ಪ್ರೆಸ್ಸಿನ ಲಾಗಿನ್ ಪುಟ ಹುಡುಕಿಕೊಂಡು ಬಂದವರ ಸಾಲುಗಳು ಸಿಗುತ್ತವೆ. “ನಮ್ಮಂಥ ಚಿಕ್ಕವರ ತಂಟೆಗೆ ಯಾರು ಬರ್ತಾರೆ” ಎಂಬ ಮಾತು ಈ ಕಾರಣಕ್ಕೆ ನಿಲ್ಲುವುದಿಲ್ಲ. ತಟ್ಟುವವರಿಗೆ ಚಿಕ್ಕವರು ದೊಡ್ಡವರು ಗೊತ್ತೇ ಆಗುವುದಿಲ್ಲ.

ಏಳು ಗಂಟೆಯ ಗಡುವು

ದೋಷ ಗೊತ್ತಾದ ಮೇಲೆ ಎಷ್ಟು ಸಮಯ ಸಿಗುತ್ತದೆ? ಇದಕ್ಕೆ ದಾಖಲೆಯಿರುವ ಉತ್ತರ ಡ್ರೂಪಲ್ ಕೊಟ್ಟಿದೆ.

2014ರ ಅಕ್ಟೋಬರ್ 15ರಂದು ಡ್ರೂಪಲ್‌ನ ಭದ್ರತಾ ತಂಡ ಡ್ರೂಪಲ್ 7ರಲ್ಲಿ ಗಂಭೀರ ದೋಷವೊಂದನ್ನು ಪ್ರಕಟಿಸಿ, ಜೊತೆಗೇ ಪರಿಹಾರವನ್ನೂ ಬಿಡುಗಡೆ ಮಾಡಿತು. ತಾಣದಲ್ಲಿ ನಾವು ಹೆಸರೋ ಹುಡುಕುಪದವೋ ತುಂಬುವ ಖಾನೆಗಳಿರುತ್ತವಲ್ಲ, ಅಲ್ಲಿ ಹೆಸರಿನ ಜಾಗದಲ್ಲಿ ಡೇಟಾಬೇಸಿಗೆ ಆಜ್ಞೆಯನ್ನೇ ಬರೆದು ಕಳಿಸಿದರೆ ಅದು ಪಾಲಿಸಿಬಿಡುತ್ತಿತ್ತು. ಲಾಗಿನ್ ಬೇಕಿರಲಿಲ್ಲ. ವಿಪರ್ಯಾಸವೆಂದರೆ, ಇಂಥ ದಾಳಿಯನ್ನು ತಡೆಯಲೆಂದೇ ಬರೆದಿದ್ದ ಕೋಡಿನ ಭಾಗದಲ್ಲೇ ಈ ತೂತು ಇತ್ತು.

ಎರಡು ವಾರ ಕಳೆದು, ಅಕ್ಟೋಬರ್ 29ರಂದು, ಅದೇ ತಂಡ ಇನ್ನೊಂದು ಪ್ರಕಟಣೆ ಹೊರಡಿಸಿತು. ಅಕ್ಟೋಬರ್ 15ರಂದು ಪ್ರಕಟಣೆಯಾದ ಏಳು ಗಂಟೆಯೊಳಗೆ ಅಪ್‌ಡೇಟ್ ಆಗದ ಪ್ರತಿಯೊಂದು ಡ್ರೂಪಲ್ 7 ತಾಣವೂ ಪರರ ಕೈಸೇರಿದೆ ಎಂದೇ ಭಾವಿಸಿ ಮುಂದುವರಿಯಿರಿ ಎಂಬುದು ಅದರ ಸಾರ. ಏಳು ದಿನವಲ್ಲ, ಏಳು ಗಂಟೆ. ನಮ್ಮ ಸಮಯಕ್ಕೆ ಲೆಕ್ಕ ಹಾಕಿದರೆ ಗಡುವು ಮುಗಿದದ್ದು ಅಕ್ಟೋಬರ್ 16ರ ಬೆಳಗಿನ ಜಾವ ನಾಲ್ಕೂವರೆಗೆ. ಬೆಂಗಳೂರಿನಲ್ಲಿ ರಾತ್ರಿ ಊಟ ಮುಗಿಸಿ ಮಲಗಿದ ನಿರ್ವಾಹಕ ಎದ್ದು ಕಾಫಿ ಕುಡಿಯುವ ಹೊತ್ತಿಗೆ ಅವನ ತಾಣ ಸಂಶಯಿತರ ಪಟ್ಟಿಯಲ್ಲಿತ್ತು.

ಆ ಪ್ರಕಟಣೆಯಲ್ಲಿ ಇನ್ನೊಂದು ಎಚ್ಚರಿಕೆಯಿತ್ತು. ನೀವು ಅಪ್‌ಡೇಟ್ ಮಾಡದೆಯೇ ನಿಮ್ಮ ತಾಣದ ತೂತು ಮುಚ್ಚಿರುವುದು ಕಂಡರೆ ಖುಷಿಪಡಬೇಡಿ, ಒಳಗೆ ಬಂದವನೇ ಅದನ್ನು ಮುಚ್ಚಿರಬಹುದು! ತಾನು ಹಿಡಿದ ಮನೆಗೆ ಇನ್ನೊಬ್ಬ ಬರಬಾರದು ನೋಡಿ. ತನಗೆ ಬೇಕಾದ ಹಿಂಬಾಗಿಲನ್ನು ಬೇರೆಲ್ಲೋ ಇಟ್ಟುಕೊಂಡು, ಮುಂಬಾಗಿಲನ್ನು ತಾನೇ ಭದ್ರ ಮಾಡಿದ್ದ. ತಡವಾಗಿ ಅಪ್‌ಡೇಟ್ ಮಾಡಿದವರಿಗೆ ಅದರಿಂದ ಆದ ಲಾಭ ಅಷ್ಟರಲ್ಲೇ ಇತ್ತು.

ಪರಿಹಾರ ಬಂದ ಮೇಲೆ ಅಪಾಯ ಕಡಿಮೆಯಾಗಬೇಕಲ್ಲವೇ? ಇಲ್ಲಿ ಹೆಚ್ಚಾಗುತ್ತದೆ. ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಹಳೆಯ ಆವೃತ್ತಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಸಾಲು ಬದಲಾಗಿದೆ, ತೂತು ಎಲ್ಲಿತ್ತು ಎಂಬುದು ಬಲ್ಲವರಿಗೆ ಕಂಡುಬಿಡುತ್ತದೆ. ಅಲ್ಲಿಯವರೆಗೆ ಒಬ್ಬಿಬ್ಬರಿಗೆ ಗೊತ್ತಿದ್ದ ಗುಟ್ಟು ಆವತ್ತಿನಿಂದ ಲೋಕಕ್ಕೆಲ್ಲ ಗೊತ್ತು. ಅಪ್‌ಡೇಟ್ ಮಾಡಿದವರು ಪಾರು. ಮಾಡದವರ ದೋಷ ಮೊದಲಿಗಿಂತ ಹೆಚ್ಚು ಜಾಹೀರಾಗಿರುತ್ತದೆ.

2018ರಲ್ಲಿ ಇಂಥದೇ ದೊಡ್ಡ ದೋಷ ಮತ್ತೆ ಸಿಕ್ಕಾಗ ಡ್ರೂಪಲ್ ತಂಡ ಪಾಠ ಕಲಿತಿತ್ತು. ಮಾರ್ಚ್ 28ರಂದು, ನಮ್ಮ ಸಮಯದಲ್ಲಿ ರಾತ್ರಿ ಹನ್ನೊಂದೂವರೆಯಿಂದ ಒಂದು ಗಂಟೆಯೊಳಗೆ ಪರಿಹಾರ ಬರಲಿದೆ, ಆ ಹೊತ್ತಿಗೆ ಕೂರಲು ಸಮಯ ಇಟ್ಟುಕೊಳ್ಳಿ ಎಂದು ಒಂದು ವಾರ ಮೊದಲೇ ತಿಳಿಸಿತು. ದೋಷ ಏನೆಂದು ಮಾತ್ರ ಹೇಳಲಿಲ್ಲ. ಆ ಸಲ ದಾಳಿಗಳು ಜೋರಾದದ್ದು ಸುಮಾರು ಎರಡು ವಾರದ ನಂತರ.

ವರ್ಡ್‌ಪ್ರೆಸ್ ಹಿಡಿದ ದಾರಿ ಬೇರೆ. 2013ರ ಅಕ್ಟೋಬರಿನಲ್ಲಿ ಬಂದ 3.7ನೇ ಆವೃತ್ತಿಯಿಂದ ಸಣ್ಣ ಭದ್ರತಾ ಅಪ್‌ಡೇಟುಗಳು ತಮ್ಮಷ್ಟಕ್ಕೆ ತಾವೇ ಆಗುವಂತೆ ಅದು ಮಾಡಿತು. ಇದರ ಬೆಲೆ ತಿಳಿದದ್ದು 2017ರಲ್ಲಿ. ಆ ವರ್ಷದ ಜನವರಿ 26ರಂದು 4.7.2 ಎಂಬ ಆವೃತ್ತಿ ಬಂತು. ಯಾರು ಬೇಕಾದರೂ ಯಾವ ಲೇಖನವನ್ನು ಬೇಕಾದರೂ ತಿದ್ದಬಹುದಾದ ದೋಷವೊಂದನ್ನು ಅದರಲ್ಲಿ ಸರಿಪಡಿಸಿದ್ದರು. ಆದರೆ ಫೆಬ್ರುವರಿ 1ರವರೆಗೆ ಆ ಮಾತನ್ನು ಹೊರಗೆ ಬಿಡಲಿಲ್ಲ. ಆ ಮೌನದ ದಿನಗಳಲ್ಲಿ ಲಕ್ಷಾಂತರ ತಾಣಗಳು ಮಾಲೀಕರಿಗೆ ಗೊತ್ತೇ ಇಲ್ಲದಂತೆ ಅಪ್‌ಡೇಟ್ ಆಗಿಹೋದವು. ಸುದ್ದಿ ಹೊರಬಿದ್ದ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳ ಮೇಲೆ ಹ್ಯಾಕರುಗಳು ತಮ್ಮ ಹೆಸರು ಬರೆದರು. ತಾನೇ ಆಗುವ ಅಪ್‌ಡೇಟನ್ನು ನಿಲ್ಲಿಸಿ ಇಟ್ಟುಕೊಂಡಿದ್ದ ತಾಣಗಳಿಗೇ ಹೆಚ್ಚು ಪೆಟ್ಟು ಬಿತ್ತು.

ಪ್ಲಗ್‌ಇನ್ ಮಾರಾಟವಾದಾಗ

ಮೂಲ ವರ್ಡ್‌ಪ್ರೆಸ್ ಈಗ ಸಾಕಷ್ಟು ಗಟ್ಟಿ. ಇಂದು ಪತ್ತೆಯಾಗುವ ದೋಷಗಳಲ್ಲಿ ಬಹುಪಾಲು ಇರುವುದು ಪ್ಲಗ್‌ಇನ್‌ಗಳಲ್ಲಿ. ಫೋಟೊ ಜಾರಿಸಲು ಒಂದು, ಅರ್ಜಿ ತುಂಬಿಸಲು ಒಂದು, ಓಡುವ ಸುದ್ದಿಪಟ್ಟಿಗೆ ಒಂದು, ವಾಟ್ಸ್‌ಆ್ಯಪ್ ಗುಂಡಿಗೆ ಒಂದು ಎಂದು ಸೇರಿಸಿಕೊಳ್ಳುತ್ತಾ ಹೋಗುವ ತುಣುಕು ತಂತ್ರಾಂಶಗಳಿವು. ವರ್ಡ್‌ಪ್ರೆಸ್ಸಿನ ಅಧಿಕೃತ ಭಂಡಾರದಲ್ಲೇ ಸುಮಾರು 60,000 ಉಚಿತ ಪ್ಲಗ್‌ಇನ್‌ಗಳಿವೆ. ಕೆಲವಕ್ಕೆ ದೊಡ್ಡ ಕಂಪನಿಗಳ ಬೆಂಬಲವಿದೆ. ಕೆಲವನ್ನು ಯಾರೋ ಒಬ್ಬರು ಬಿಡುವಿನ ಹೊತ್ತಿನಲ್ಲಿ ಬರೆದು, ಆಮೇಲೆ ಮದುವೆ ಮಕ್ಕಳು ಎಂದು ಮರೆತಿರುತ್ತಾರೆ. ತಾಣದ ಒಳಗೆ ಇವೆರಡಕ್ಕೂ ಇರುವ ಅಧಿಕಾರ ಮಾತ್ರ ಒಂದೇ. ಸುದ್ದಿಪಟ್ಟಿ ಓಡಿಸುವ ಪ್ಲಗ್‌ಇನ್ ಮನಸ್ಸು ಮಾಡಿದರೆ ಇಡೀ ಡೇಟಾಬೇಸನ್ನು ಓದಬಲ್ಲದು.

ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗ್‌ಇನ್‌ನ ಕಥೆ ನೋಡಿ. ಸುಮಾರು ಎರಡು ಲಕ್ಷ ತಾಣಗಳಲ್ಲಿ ಅದು ಇತ್ತು. 2017ರಲ್ಲಿ ಬರೆದವರು ಅದನ್ನು ಮಾರಿದರು. ಕೊಂಡವರು ಮುಂದಿನ ಅಪ್‌ಡೇಟಿನಲ್ಲಿ ಒಂದು ಹಿಂಬಾಗಿಲು ಸೇರಿಸಿ ಕಳಿಸಿದರು. ಅದರ ಮೂಲಕ ತಾಣಗಳಲ್ಲಿ ಸ್ಪ್ಯಾಮ್ ಪುಟಗಳು ಹುಟ್ಟಿಕೊಂಡವು. ಲಾಗಿನ್ ಆದವರಿಗೆ, ಅಂದರೆ ಮಾಲೀಕರಿಗೆ, ಆ ಪುಟಗಳು ಕಾಣುತ್ತಿರಲಿಲ್ಲ. ಭಂಡಾರದಿಂದ ತೆಗೆದುಹಾಕಿದರೂ ಮತ್ತೆ ಮತ್ತೆ ಬಂದು, ಕೊನೆಗೆ ಸೆಪ್ಟೆಂಬರಿನಲ್ಲಿ ಅದನ್ನು ಶಾಶ್ವತವಾಗಿ ಹೊರಹಾಕಿದರು. ಇಲ್ಲಿ ತಪ್ಪದೆ ಅಪ್‌ಡೇಟ್ ಮಾಡಿದವರೇ ಸಿಕ್ಕಿಬಿದ್ದರು ಎಂಬುದನ್ನು ಮರೆಮಾಚುವಂತಿಲ್ಲ. ಆದರೂ ಅಪ್‌ಡೇಟ್ ಮಾಡದೆ ಹಾಳಾದವರ ಸಂಖ್ಯೆಯ ಮುಂದೆ ಇಂಥವು ವಿರಳ. ಇದರಿಂದ ತಿಳಿಯಬೇಕಾದದ್ದು ಪ್ಲಗ್‌ಇನ್ ಕಡಿಮೆ ಇರಲಿ ಎಂದು. ಮೂವತ್ತು ಪ್ಲಗ್‌ಇನ್ ಇರುವ ತಾಣದ ಮಾಲೀಕರು ಮೂವತ್ತು ಅಪರಿಚಿತರನ್ನು ನಂಬಿದ್ದಾರೆ. ‘ನಿಷ್ಕ್ರಿಯ’ ಮಾಡಿಟ್ಟ ಪ್ಲಗ್‌ಇನ್ ಸರ್ವರಿನಲ್ಲಿ ಹಾಗೇ ಕೂತಿರುತ್ತದೆ, ಅದರ ಫೈಲುಗಳ ಮೇಲೂ ದಾಳಿ ನಡೆಯಬಹುದು. ಬೇಡವಾದದ್ದನ್ನು ಅಳಿಸಿಯೇ ಹಾಕಬೇಕು.

ಕದ್ದ ಥೀಮ್‌ಗಳ ವಿಷಯ ಹೇಳದಿದ್ದರೆ ಆಗದು. ಹಣ ಕೊಟ್ಟು ಕೊಳ್ಳಬೇಕಾದ ಥೀಮ್‌ಗಳು ಟೆಲಿಗ್ರಾಮ್ ಗುಂಪುಗಳಲ್ಲಿ ಪುಕ್ಕಟೆ ಸಿಗುತ್ತವೆ. ಕಡಿಮೆ ದರಕ್ಕೆ ತಾಣ ಮಾಡಿಕೊಡುವವರು ಅವನ್ನೇ ಹಾಕುತ್ತಾರೆ. ಅವಕ್ಕೆ ಅಪ್‌ಡೇಟ್ ಬರುವುದಿಲ್ಲ, ಎಷ್ಟೋ ಸಲ ಹಿಂಬಾಗಿಲು ಜೊತೆಗೇ ಬಂದಿರುತ್ತದೆ.

“ಅಪ್‌ಡೇಟ್ ಒತ್ತಬೇಡಿ, ಸೈಟ್ ಹೋಗುತ್ತೆ”

ತಾಣ ಮಾಡಿಕೊಟ್ಟವರು ಬಿಟ್ಟುಹೋಗುವ ಅತ್ಯಂತ ಸಾಮಾನ್ಯ ಸಲಹೆ ಇದು. ಪೂರಾ ಸುಳ್ಳೇನೂ ಅಲ್ಲ. ವರ್ಡ್‌ಪ್ರೆಸ್ ಹೊಸದು, ಥೀಮ್ ಹಳೆಯದು, ಇವೆರಡನ್ನೂ ಬರೆದಿರುವ ಪಿಎಚ್‌ಪಿ ಭಾಷೆಯ ಸರ್ವರಿನಲ್ಲಿರುವ ಆವೃತ್ತಿ ಅದಕ್ಕಿಂತ ಹಳೆಯದು ಎಂದಾದರೆ ಅಪ್‌ಡೇಟ್ ಒತ್ತಿದ ಕೂಡಲೇ ಬಿಳಿ ತೆರೆ ಬರುವುದುಂಟು. ಥೀಮಿನ ಫೈಲನ್ನೇ ತೆರೆದು ತಿದ್ದಿದ್ದರೆ ಹೊಸ ಆವೃತ್ತಿ ಆ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ.

ಆದರೆ ಮುಂದೂಡಿದಷ್ಟೂ ಈ ಭಯ ನಿಜವಾಗುತ್ತಾ ಹೋಗುತ್ತದೆ. ತಿಂಗಳಿಗೊಮ್ಮೆ ಮಾಡಿದರೆ ಒಂದೆರಡು ಸಣ್ಣ ಬದಲಾವಣೆ, ಏನು ಕೆಟ್ಟಿತೆಂದು ಹುಡುಕುವುದು ಸುಲಭ. ಐದು ವರ್ಷ ಬಿಟ್ಟು ಮಾಡಿದರೆ ಎಲ್ಲವೂ ಒಟ್ಟಿಗೆ ಬದಲಾಗಿ ಯಾವುದು ಯಾವುದನ್ನು ಕೆಡಿಸಿತೆಂದೇ ತಿಳಿಯದು. ಮಲೆನಾಡಿನ ಮನೆಗಳಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುತ್ತಾರೆ. ಒಡೆದ ನಾಲ್ಕು ಹೆಂಚು ಬದಲಾಯಿಸಿದರೆ ಮುಗಿಯಿತು. ಹತ್ತು ಮಳೆಗಾಲ ಬಿಟ್ಟವರು ಪಕಾಸಿ, ತೊಲೆಯನ್ನೇ ಬದಲಾಯಿಸಬೇಕಾಗುತ್ತದೆ.

ದಾರಿ ಇದೆ. ತಾಣದ ಒಂದು ನಕಲನ್ನು ಹೊರಗಿನವರಿಗೆ ಕಾಣದ ಜಾಗದಲ್ಲಿಟ್ಟು, ಅಪ್‌ಡೇಟನ್ನು ಮೊದಲು ಅಲ್ಲಿ ಒತ್ತಿ ನೋಡುವುದು. ಈಗ ಅನೇಕ ಹೋಸ್ಟಿಂಗ್ ಕಂಪನಿಗಳು, ಅಂದರೆ ತಾಣಕ್ಕೆ ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಡುವವರು, ಇದನ್ನು ಒಂದೇ ಗುಂಡಿಯಲ್ಲಿ ಮಾಡಿಕೊಡುತ್ತವೆ. ಬ್ಯಾಕಪ್ ತೆಗೆದು, ಪ್ಲಗ್‌ಇನ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಿ, ಅರ್ಜಿ ನಮೂನೆ, ಹಣ ಪಾವತಿ, ಫಲಿತಾಂಶದ ಪುಟ ಇಂಥ ಮುಖ್ಯ ಪುಟಗಳನ್ನು ಕಣ್ಣಾರೆ ನೋಡಿ, ಆಮೇಲೆ ಅಸಲಿ ತಾಣಕ್ಕೆ ಕೈ ಹಾಕುವುದು. ಸಣ್ಣ ತಾಣಕ್ಕೆ ಇದು ತಿಂಗಳಲ್ಲಿ ಒಂದು ಮಧ್ಯಾಹ್ನದ ಕೆಲಸ. ಭದ್ರತಾ ಅಪ್‌ಡೇಟುಗಳನ್ನಂತೂ ತಾನೇ ಆಗುವಂತೆ ಬಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ತಾಣ ಒಂದು ಗಂಟೆ ಬಿಳಿಯಾಗಿ ನಿಂತರೆ ಆಗುವ ಅವಮಾನ, ಮೂರು ತಿಂಗಳು ಜೂಜಿನ ಅಂಗಡಿಯಾಗಿ ನಿಂತದ್ದಕ್ಕಿಂತ ಕಡಿಮೆ.

ತಂತ್ರಾಂಶಗಳಿಗೂ ಆಯುಸ್ಸು ಇರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2011ರ ಜನವರಿ 5ರಂದು ಬಿಡುಗಡೆಯಾದ ಡ್ರೂಪಲ್ 7ಕ್ಕೆ ಅಧಿಕೃತ ಬೆಂಬಲ ಮುಗಿದದ್ದು 2025ರ ಜನವರಿ 5ರಂದು, ಸರಿಯಾಗಿ ಹದಿನಾಲ್ಕು ವರ್ಷಕ್ಕೆ. ವರ್ಡ್‌ಪ್ರೆಸ್ಸಿನ ಅಡಿಯಲ್ಲಿರುವ ಪಿಎಚ್‌ಪಿ 7.4ರ ಕಥೆ 2022ರ ನವೆಂಬರಿನಲ್ಲೇ ಮುಗಿಯಿತು. ಇವುಗಳ ಮೇಲೆ ತಾಣ ಇನ್ನೂ ನಡೆಯುತ್ತದೆ. ಹೊಸ ದೋಷ ಸಿಕ್ಕರೆ ಮುಚ್ಚುವವರು ಮಾತ್ರ ಇಲ್ಲ.

ಬ್ಯಾಕಪ್ ಇದೆ, ಎಲ್ಲಿದೆ?

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬ್ಯಾಕಪ್ ಇದೆಯೆಂದು ನೆಮ್ಮದಿಯಾಗಿದ್ದ ಕೆಲವು ಗ್ರಾಹಕರಿಗೆ ಆವತ್ತು ತಿಳಿದದ್ದು, ತಾಣ ಮತ್ತು ಬ್ಯಾಕಪ್ ಎರಡೂ ಒಂದೇ ಸ್ಥಳದಲ್ಲಿದ್ದವು, ಎರಡೂ ಒಟ್ಟಿಗೆ ಸುಟ್ಟುಹೋದವು ಎಂದು. ನಮ್ಮಲ್ಲಿ ಬೆಂಕಿ ಬೀಳಬೇಕೆಂದೇನಿಲ್ಲ. ಹೋಸ್ಟಿಂಗ್ ಹಣ ಕಟ್ಟುವುದು ಮರೆತು ಖಾತೆ ರದ್ದಾದರೆ ಅದರೊಳಗಿನ ಬ್ಯಾಕಪ್ಪೂ ಹೋಗುತ್ತದೆ.

ಬ್ಯಾಕಪ್ ಬೇರೆ ಕಡೆ ಇರಬೇಕು. ಒಂದಕ್ಕಿಂತ ಹೆಚ್ಚು ತಾರೀಖಿನದು ಇರಬೇಕು. ಹಿಂಬಾಗಿಲು ಸೇರಿದ್ದು ಎರಡು ತಿಂಗಳ ಹಿಂದೆ, ನಮ್ಮಲ್ಲಿರುವುದು ಕಳೆದ ವಾರದ ಬ್ಯಾಕಪ್ ಮಾತ್ರ ಎಂದಾದರೆ ಕಳ್ಳನನ್ನೂ ಸೇರಿಸಿಯೇ ಮರಳಿ ತಂದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಒಮ್ಮೆಯಾದರೂ ಬೇರೆ ಜಾಗದಲ್ಲಿ ತೆರೆದು ನೋಡಿರಬೇಕು.

ಕನ್ನಡದ ತಾಣಗಳಿಗೆ ಈ ಕೊನೆಯ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್ ಜಾಗ ತೆಗೆದುಕೊಳ್ಳುತ್ತದೆ. ಹಳೆಯ ಮೈಎಸ್‌ಕ್ಯುಎಲ್ ಡೇಟಾಬೇಸುಗಳು, ಯಾರೂ ಬದಲಿಸದಿದ್ದರೆ, ಯುರೋಪಿನ ಭಾಷೆಗಳ ಲ್ಯಾಟಿನ್-1 ಲಿಪಿಕ್ರಮವನ್ನೇ ಹಿಡಿದು ಕೂತಿರುತ್ತಿದ್ದವು. 2018ರ 8.0 ಆವೃತ್ತಿಯಲ್ಲಷ್ಟೇ ಇದು ಬದಲಾದದ್ದು. ಹಳೆಯ ತಾಣ ಇದ್ದಲ್ಲೇ ಇರುವಷ್ಟು ದಿನ ಎಲ್ಲ ಸರಿಯಾಗಿ ಕಾಣುತ್ತದೆ. ಬ್ಯಾಕಪ್ ತೆಗೆದು ಹೊಸ ಸರ್ವರಿಗೆ ಹಾಕಿದ ದಿನ ಹತ್ತು ವರ್ಷದ ಕಥೆ, ಕವಿತೆ, ವಿಮರ್ಶೆಗಳೆಲ್ಲ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಗೋಜಲಾಗಿ ಬಿದ್ದಿರುತ್ತವೆ. ಗೋಜಲಾಗಿದ್ದರೆ ಬಲ್ಲವರು ಬಿಡಿಸಬಹುದು. ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ, ಆ ಪ್ರತಿಯಲ್ಲಿ ಅಕ್ಷರ ಉಳಿದಿಲ್ಲ ಎಂದೇ ಅರ್ಥ. ಹಳೆಯ ಸರ್ವರನ್ನು ಮುಚ್ಚುವ ಮೊದಲು ನೋಡಿಕೊಂಡವರು ಬಚಾವು.

ಟೆಂಡರಿನಲ್ಲಿ ಇಲ್ಲದ ಸಾಲು

ಇಲ್ಲಿಯವರೆಗೆ ಹೇಳಿದ್ದು ತಂತ್ರದ ಮಾತು. ನಮ್ಮ ಸಂಸ್ಥೆಗಳ ತಾಣ ಹಾಳಾಗುವುದಕ್ಕೆ ಅದು ಅರ್ಧ ಕಾರಣ. ಮಿಕ್ಕರ್ಧ ಹಣ ಮಂಜೂರಾಗುವ ಕ್ರಮದಲ್ಲಿದೆ. ವೆಬ್‌ಸೈಟನ್ನು ನಾವು ಉದ್ಘಾಟಿಸುತ್ತೇವೆ. ಅತಿಥಿಗಳು ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಾರೆ, ಚಪ್ಪಾಳೆ, ಮರುದಿನ ಪತ್ರಿಕೆಯಲ್ಲಿ ಫೋಟೊ. ಮಾಡಿಸಲು ಹಣವಿರುತ್ತದೆ, ನೋಡಿಕೊಳ್ಳಲು ಇರುವುದಿಲ್ಲ. ವಾರ್ಷಿಕ ನಿರ್ವಹಣೆಯ ಒಪ್ಪಂದ (ಎಎಂಸಿ) ಬರೆಸಿದ್ದರೂ ಅದರಲ್ಲಿ ‘ಹೊಸ ಫೋಟೊ ಹಾಕುವುದು’ ಎಂದಿರುತ್ತದೆ. ವರ್ಡ್‌ಪ್ರೆಸ್, ಪ್ಲಗ್‌ಇನ್, ಪಿಎಚ್‌ಪಿ ಅಪ್‌ಡೇಟ್ ಮಾಡುವುದು, ಬ್ಯಾಕಪ್ ಪರೀಕ್ಷಿಸುವುದು ಯಾರ ಕೆಲಸ ಎಂಬ ಸಾಲು ಇರುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು ಬಹಳ ಸರಳ. ಡೊಮೇನ್, ಅಂದರೆ ತಾಣದ ವಿಳಾಸ, ಯಾರ ಹೆಸರಿನಲ್ಲಿದೆ? ನವೀಕರಣದ ಎಚ್ಚರಿಕೆ ಯಾರ ಇಮೇಲಿಗೆ ಬರುತ್ತದೆ? ಎಷ್ಟೋ ಟ್ರಸ್ಟುಗಳ ವಿಳಾಸ ಅದನ್ನು ಮಾಡಿಕೊಟ್ಟ ಹುಡುಗನ ಸ್ವಂತ ಜಿಮೇಲ್ ಖಾತೆಯಲ್ಲಿರುತ್ತದೆ, ಓಟಿಪಿಯೂ ಅವನ ಫೋನಿಗೇ ಹೋಗುತ್ತದೆ. ಅವನು ಈಗ ದುಬೈನಲ್ಲೋ ಡಬ್ಲಿನ್‌ನಲ್ಲೋ ಬೇರೆ ಕೆಲಸದಲ್ಲಿರುತ್ತಾನೆ. ಚಿಕ್ಕವರಿಗಷ್ಟೇ ಹೀಗಾಗುತ್ತದೆ ಎನ್ನುವಂತಿಲ್ಲ. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಜೊತೆಗಾರನೊಡನೆ ಕಟ್ಟಿದ ಹಾಟ್‌ಮೇಲ್ ಇಮೇಲ್ ಸೇವೆ ಮೈಕ್ರೋಸಾಫ್ಟಿಗೆ ಮಾರಾಟವಾದ ಎರಡು ವರ್ಷದ ಮೇಲೆ, 1999ರ ಕ್ರಿಸ್‌ಮಸ್ ಹೊತ್ತಿಗೆ, ಬಹಳ ಜನರಿಗೆ ಲಾಗಿನ್ ಆಗಲಿಲ್ಲ. ಲಾಗಿನ್ ನಡೆಯುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ವಿಳಾಸಕ್ಕೆ 35 ಡಾಲರ್ ನವೀಕರಣ ಶುಲ್ಕ ಕಟ್ಟಲು ಕಂಪನಿ ಮರೆತಿತ್ತು. ಅಮೆರಿಕದ ಪ್ರೋಗ್ರಾಮರ್ ಒಬ್ಬರು ತಮ್ಮ ಕ್ರೆಡಿಟ್ ಕಾರ್ಡಿನಿಂದ ಅದನ್ನು ಕಟ್ಟಿ ಉಪಕಾರ ಮಾಡಿದರು. ನಮ್ಮ ಟ್ರಸ್ಟಿನ ಪರವಾಗಿ ಹಾಗೆ ಕಟ್ಟುವವರು ಸಿಗುವ ಸಂಭವ ಕಡಿಮೆ. ಕಾದು ಕೂತು ಕೊಳ್ಳುವವರು ಮಾತ್ರ ಖಂಡಿತ ಇದ್ದಾರೆ.

ಲಾಗಿನ್ ಯಾರಲ್ಲಿದೆ? ಎಲ್ಲರೂ ಒಂದೇ ‘ಅಡ್ಮಿನ್’ ಹೆಸರು, ಒಂದೇ ಪಾಸ್‌ವರ್ಡ್ ಬಳಸುವ ಕಚೇರಿಗಳಿವೆ, ಕಂಪ್ಯೂಟರಿನ ಮೇಲೆ ಚೀಟಿ ಅಂಟಿಸಿದ ಕಡೆಗಳೂ ಇವೆ. ಸುದ್ದಿ ಹಾಕುವವರಿಗೆ ಸಂಪಾದಕರ ಅಧಿಕಾರ ಸಾಕು. ಪೂರ್ಣಾಧಿಕಾರ ಒಬ್ಬಿಬ್ಬರಿಗೆ, ಅದೂ ಫೋನಿಗೆ ಬರುವ ಎರಡನೇ ಸಂಕೇತದ ಕಾವಲಿನೊಂದಿಗೆ. ನಿವೃತ್ತರಾದವರ, ಬಿಟ್ಟುಹೋದವರ ಖಾತೆ ಅಂದೇ ಮುಚ್ಚಬೇಕು.

ಈ ಹೊರೆಯನ್ನು ಒಂದೊಂದು ಕಚೇರಿಯ ತಲೆಯ ಮೇಲೂ ಹೇರದಿರುವುದು ಇನ್ನೊಂದು ಉಪಾಯ. ನಮ್ಮ ಜಿಲ್ಲಾಡಳಿತಗಳ ವೆಬ್‌ಸೈಟುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದನ್ನು ಗಮನಿಸಿರಬಹುದು. ಅವು ಕೇಂದ್ರದ ಎನ್‌ಐಸಿ ನಡೆಸುವ ಎಸ್3ವಾಸ್ ಎಂಬ ಒಂದೇ ವೇದಿಕೆಯ ಮೇಲಿವೆ. ಜಿಲ್ಲೆಯವರು ಬರಹ, ಚಿತ್ರ ಹಾಕುತ್ತಾರೆ. ಅಪ್‌ಡೇಟು, ಭದ್ರತೆ ಒಂದೇ ಕಡೆಯಿಂದ ನಡೆಯುತ್ತದೆ. ಚೆಂದ ಸ್ವಲ್ಪ ಕಡಿಮೆಯಾದರೂ ಬುದ್ಧಿವಂತ ವ್ಯವಸ್ಥೆ. ಅನುದಾನಿತ ಕಾಲೇಜುಗಳು, ಅಕಾಡೆಮಿಗಳಿಗೂ ಇಂಥದೊಂದು ಇದ್ದರೆ ಎಷ್ಟೋ ತಲೆನೋವು ತಪ್ಪೀತು.

ಹ್ಯಾಕ್ ಆದ ಮೇಲೆ

ತಾಣ ಹ್ಯಾಕ್ ಆಗಿದೆಯೇ ಎಂದು ತಿಳಿಯಲು, ಗೂಗಲ್‌ನ ಹುಡುಕುಪೆಟ್ಟಿಗೆಯಲ್ಲಿ ‘ಸೈಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದರ ಮೇಲೊಂದು ಎರಡು ಚುಕ್ಕಿ (ಕೋಲನ್) ಇಟ್ಟು, ಜಾಗ ಬಿಡದೆ ನಿಮ್ಮ ವಿಳಾಸ ಹಾಕಿ. ಗೂಗಲ್ ಕಂಡಿರುವ ನಿಮ್ಮ ಪುಟಗಳು ಬರುತ್ತವೆ. ಇಪ್ಪತ್ತು ಪುಟದ ತಾಣಕ್ಕೆ ಸಾವಿರಾರು ಫಲಿತಾಂಶ, ನಡುವೆ ಜಪಾನಿ ಅಕ್ಷರ, ಔಷಧಿ, ಜೂಜು ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ.

ಆಗ ಆ ಪುಟಗಳನ್ನು ಅಳಿಸಿ ಕೈತೊಳೆದುಕೊಳ್ಳುವುದು ಎಲ್ಲರೂ ಮೊದಲು ಮಾಡುವ ಕೆಲಸ. ಮರುವಾರ ಅವು ಮತ್ತೆ ಹುಟ್ಟುತ್ತವೆ. ಬಂದವರು ಚಿತ್ರಗಳ ಫೋಲ್ಡರಿನಲ್ಲಿ ಪ್ರೋಗ್ರಾಮ್ ಫೈಲು ಅಡಗಿಸಿರುತ್ತಾರೆ, ಹೊಸ ನಿರ್ವಾಹಕ ಖಾತೆ ತೆರೆದಿರುತ್ತಾರೆ, ತಾಣದ ಮಾಲೀಕರಿಗಾಗಿ ಇರುವ ಗೂಗಲ್‌ನ ಸರ್ಚ್ ಕನ್ಸೋಲಿನಲ್ಲಿ ತಾವೂ ಮಾಲೀಕರೆಂದು ನೋಂದಾಯಿಸಿಕೊಂಡಿರುತ್ತಾರೆ. ತಾಣವನ್ನು ತಾತ್ಕಾಲಿಕವಾಗಿ ಮುಚ್ಚಿ, ಸರ್ವರಿನ ದಾಖಲೆಗಳನ್ನು ಮೊದಲು ಪ್ರತಿ ತೆಗೆದಿಟ್ಟು, ವರ್ಡ್‌ಪ್ರೆಸ್, ಥೀಮ್, ಪ್ಲಗ್‌ಇನ್‌ಗಳ ಫೈಲುಗಳನ್ನೆಲ್ಲ ಮೂಲದಿಂದ ಹೊಸದಾಗಿ ಹಾಕಬೇಕು. ಡೇಟಾಬೇಸ್, ಹೋಸ್ಟಿಂಗ್, ಲಾಗಿನ್ ಎಲ್ಲದರ ಪಾಸ್‌ವರ್ಡೂ ಬದಲಾಗಬೇಕು. ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಬೇರೆ ತಾಣಗಳೂ ಇದ್ದರೆ ಅವನ್ನೂ ಶುಚಿ ಮಾಡಬೇಕು, ಇಲ್ಲವಾದರೆ ಪಕ್ಕದ ತಾಣದಿಂದ ಮತ್ತೆ ಹರಡುತ್ತದೆ.

ಕಾನೂನಿನ ಕಡೆಯೂ ಒಂದಿದೆ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸರ್ವರಿನ ದಾಖಲೆಗಳನ್ನು 180 ದಿನ ಉಳಿಸಿಕೊಂಡಿರಬೇಕು. ವೆಬ್‌ಸೈಟಿಗೆ ನುಗ್ಗಿ ಹೊರಗಿನ ಕೊಂಡಿಗಳನ್ನು ಸೇರಿಸುವುದು ಕೂಡ ವರದಿ ಮಾಡಬೇಕಾದ ಘಟನೆಗಳ ಪಟ್ಟಿಯಲ್ಲಿದೆ. ಅಂದರೆ ಆ ಸ್ಲಾಟ್ ಯಂತ್ರದ ಪುಟವೂ ಸೇರಿತು. ವಿದ್ಯಾರ್ಥಿವೇತನದ ಪಟ್ಟಿಯನ್ನು ಫೋನ್ ನಂಬರ್ ಸಮೇತ, ಆಧಾರ್ ಕಾರ್ಡುಗಳ ಸ್ಕ್ಯಾನ್ ಪ್ರತಿಗಳನ್ನು ತಾಣದ ಫೋಲ್ಡರಿನಲ್ಲಿ ಬಿಟ್ಟವರು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನೂ ಒಮ್ಮೆ ಓದುವುದು ಒಳ್ಳೆಯದು. ರಕ್ಷಣೆಯ ಕ್ರಮ ಕೈಗೊಳ್ಳದಿದ್ದರೆ ಅದು ಹೇಳುವ ದಂಡದ ಗರಿಷ್ಠ ಮಿತಿ ₹250 ಕೋಟಿ.

ಮುಚ್ಚುವುದೂ ನಿರ್ವಹಣೆಯೇ

ಎಲ್ಲ ತಾಣವೂ ಸದಾ ಜೀವಂತವಾಗಿರಬೇಕಿಲ್ಲ. ಹತ್ತು ವರ್ಷದ ಹಿಂದಿನ ಸುವರ್ಣ ಮಹೋತ್ಸವಕ್ಕೆ ಮಾಡಿದ ತಾಣ, ನಿಂತುಹೋದ ಸಾಹಿತ್ಯ ಪತ್ರಿಕೆಯ ತಾಣ, ಮುಖ್ಯ ತಾಣದೊಳಗೇ ‘ಓಲ್ಡ್’, ‘ಟೆಸ್ಟ್’, ‘ಡೆಮೊ’ ಎಂಬ ಹೆಸರಿನಲ್ಲಿ ಬಿಟ್ಟುಹೋದ ನಕಲುಗಳು, ಇವೆಲ್ಲ ಯಾರೂ ಅಪ್‌ಡೇಟ್ ಮಾಡದ, ಆದರೆ ಬಾಗಿಲು ತೆರೆದೇ ಇರುವ ಮನೆಗಳು. ಟೆಸ್ಟ್, ಡೆಮೊಗಳನ್ನು ಇಂದೇ ಅಳಿಸಬಹುದು.

ಬರಹ ಉಳಿಯಬೇಕಾದ ಹಳೆಯ ತಾಣಗಳಿಗೆ ಬೇರೆ ಚಿಕಿತ್ಸೆ. ಎಲ್ಲ ಪುಟಗಳನ್ನೂ ಒಮ್ಮೆ ಸ್ಥಿರ ಎಚ್‌ಟಿಎಂಎಲ್ ಫೈಲುಗಳಾಗಿ ಇಳಿಸಿ, ಹಿಂದಿನ ವರ್ಡ್‌ಪ್ರೆಸ್ಸನ್ನೂ ಡೇಟಾಬೇಸನ್ನೂ ತೆಗೆದುಬಿಡುವುದು. ಇದಕ್ಕೆ ಉಚಿತ ಸಲಕರಣೆಗಳಿವೆ. ಓದುಗರಿಗೆ ತಾಣ ಮೊದಲಿನಂತೆಯೇ ಕಾಣುತ್ತದೆ, ಲಾಗಿನ್ ಪುಟವೇ ಇಲ್ಲದ್ದರಿಂದ ತಟ್ಟುವವರಿಗೆ ಬಾಗಿಲಿಲ್ಲ, ಅಪ್‌ಡೇಟಿನ ಗೊಡವೆಯಿಲ್ಲ, ಹೋಸ್ಟಿಂಗ್ ಖರ್ಚೂ ಇಳಿಯುತ್ತದೆ. ಹುಡುಕುಪೆಟ್ಟಿಗೆ, ಪ್ರತಿಕ್ರಿಯೆಯ ಖಾನೆಗಳು ಮಾತ್ರ ಕೆಲಸ ಮಾಡುವುದಿಲ್ಲ.

ಹಾಗೆ ಇಳಿಸುವಾಗ ವಿಳಾಸಗಳನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕು. ವರ್ಡ್‌ಪ್ರೆಸ್ ಒಂದು ಲೇಖನದ ವಿಳಾಸಕ್ಕೆ ಕೊಡುವುದು 200 ಸ್ಥಾನ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಯೂ, ಗುಣಿತದ ಗುರುತು ಕೂಡ, ಅಲ್ಲಿ 9 ಸ್ಥಾನ ತಿನ್ನುತ್ತದೆ. ಇಪ್ಪತ್ತೆರಡು ಚಿಹ್ನೆಗೆ ಜಾಗ ಮುಗಿದು ಶೀರ್ಷಿಕೆ ನಡುವೆಯೇ ತುಂಡಾಗಿರುತ್ತದೆ. ಆ ತುಂಡು ವಿಳಾಸಗಳಿಗೇ ವಿಕಿಪೀಡಿಯ, ಸಂಶೋಧನಾ ಪ್ರಬಂಧಗಳು, ಹಳೆಯ ಫೇಸ್‌ಬುಕ್ ಬರಹಗಳು ಕೊಂಡಿ ಕೊಟ್ಟಿರುತ್ತವೆ. ಅಂದ ಮಾಡಲು ಹೋಗಿ ತಿದ್ದಿದರೆ ಅವೆಲ್ಲ ಒಮ್ಮೆಗೇ ಕಡಿದುಹೋಗುತ್ತವೆ. ಕೊನೆಗೆ ಒಂದೊಂದು ಪುಟವನ್ನೂ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಉಚಿತವಾಗಿ ಸೇರಿಸಿ, ಡೊಮೇನನ್ನು ಮುಂದಿನ ಐದೋ ಹತ್ತೋ ವರ್ಷಕ್ಕೆ ಒಟ್ಟಿಗೇ ನವೀಕರಿಸಿ, ಅದರ ರಸೀದಿಯನ್ನು ಸಂಸ್ಥೆಯ ಕಡತದಲ್ಲಿ ಹಾಕಿಡಬೇಕು.